ಕೌದಿಯ ಹೊಟ್ಟೆ

ಕಳೆದ ಚಳಿಗಾಲದಲ್ಲಿ ಅಬುಧಾಬಿಯ ಖಾಲಿದಿಯಾದಲ್ಲಿರುವ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಆದಿವಾಸಿಗಳ ಕಲೆಯ ಪ್ರದರ್ಶನವೊಂದನ್ನು ಇಲ್ಲೇ ಮಾಡುತ್ತಿದ್ದಾರಂತೆ, ಅದಕ್ಕೆ ನನ್ನ ಕೌದಿ ಬೇಕಂತೆ. ಅವಳಿಗೆ ಯಾರು ಹೇಳಿದರೋ ಕಾಣೆ. ಒಳ್ಳೆಯ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು ಬಂದಳು, ಕೌದಿ ಮುಟ್ಟುವ ಮೊದಲು ಕೈ ತೊಳೆದಳು. ಪ್ರದರ್ಶನದಲ್ಲಿ ಇರುವ ಬೇರೆ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದಳು. ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿ ಅಜ್ಜಿಯರು ಬರೆದದ್ದು, ಬರೀ ಚುಕ್ಕಿ, ಎಲ್ಲಿ ನೋಡಿದರೂ ಚುಕ್ಕಿ. ಅವರ ನೀರಿನ ಗುಂಡಿ, ನಡೆದ ದಾರಿ, ಸತ್ತ ಹಿರಿಯರು ಎಲ್ಲ ಅದರಲ್ಲೇ ಇದ್ದಾರಂತೆ. ಆದರೆ ಎಲ್ಲವನ್ನೂ ಹೊರಗಿನವರಿಗೆ ಹೇಳುವುದಿಲ್ಲವಂತೆ, ಹೇಳಬಾರದ್ದನ್ನು ಚುಕ್ಕಿ ಇಟ್ಟು ಮುಚ್ಚಿಬಿಡುತ್ತಾರಂತೆ. ಇದನ್ನು ಹೇಳುವಾಗ ಹುಡುಗಿಯ ದನಿಯಲ್ಲಿ ಭಕ್ತಿ ಇತ್ತು. ಹೇಳಿ ಮುಗಿಸಿ ಪೆನ್ನು ತೆಗೆದು, ನನ್ನ ಕೌದಿಯ ಒಂದೊಂದು ತುಂಡೂ ಯಾರದು ಎಂದು ಕೇಳತೊಡಗಿದಳು. ಆ ಅಜ್ಜಿಯರು ಮುಚ್ಚಿಡಬಹುದು, ನಾನು ಮಾತ್ರ ಬಿಚ್ಚಿಡಬೇಕು! ಆದರೂ ಹೇಳಿದೆ. ಇದು ನಾನಿಯ ಸೀರೆ, ಇದು ನನ್ನ ಶಾಲೆಯ ಲಂಗ, ಇದು ಅವ್ವ ಮದುವೆಯ ಮರುವರ್ಷ ಹಾಕುತ್ತಿದ್ದ ಕುಪ್ಪಸ.

“ಮಧ್ಯದಲ್ಲಿರೋ ಈ ಬಿಳಿ ತುಂಡು ಯಾರದು ಮೇಡಂ?”

“ಬಿಳಿ ಬಟ್ಟೆ, ಅಷ್ಟೆ.”

ಸೋಫಾದಲ್ಲಿ ಒರಗಿದ್ದ ನನ್ನ ಮಗಳು ತಲೆ ಎತ್ತದೆ, “ಮಾಮ್, ಜಸ್ಟ್ ಟೆಲ್ ಹರ್,” ಎಂದಳು. ಅವಳಿಗೂ ನಾನು ಹೇಳಿಲ್ಲ. ಹುಡುಗಿ ಬರಿಗೈಯಲ್ಲಿ ಹೋದಳು. ಅಂದಿನಿಂದ ಆ ತುಂಡು ನನ್ನನ್ನು ಸುಮ್ಮನೆ ಬಿಟ್ಟಿಲ್ಲ. ಮಗಳಿಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆ ಮಾತು ಬೇರೆ.

ನಾನು ಬೆಳೆದದ್ದು ದುಬೈಯ ಅಲ್ ಮುರಕ್ಕಬಾತ್‌ನಲ್ಲಿ, ಒಂದು ಹಳೆಯ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದ ಹಿಂದೆ ನೀರಿನ ಪಂಪಿಗೆ ಅಂಟಿಕೊಂಡಿದ್ದ ಒಂದೇ ಕೋಣೆಯಲ್ಲಿ. ನನ್ನ ತಂದೆ, ಬಾಬಾ, ಆ ಕಟ್ಟಡದ ನಾತೂರ್, ಎಂದರೆ ಕಾವಲುಗಾರ. ಗೇಟು ಕಾಯುವುದು, ಕಸ ಸಾಗಿಸುವುದು, ಟ್ಯಾಂಕಿಗೆ ನೀರು ಏರಿಸುವುದು, ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದು, ಎಲ್ಲ ಅವನದೇ. ಕಟ್ಟಡದ ಮಾಲೀಕ ಒಬ್ಬ ವಯಸ್ಸಾದ ಅರಬ. ನಾವೆಲ್ಲ ಅವನನ್ನು ಅರಬಾಬ್ ಎನ್ನುತ್ತಿದ್ದೆವು. ಅವನ ದಯೆಯಿಂದಲೇ ನನಗೂ ಅವ್ವನಿಗೂ ವೀಸಾ ಆಗಿತ್ತು. ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಯ ಮೇಲ್ಗಡೆ ಒಂದು ಎಕ್ಸಾಸ್ಟ್ ಫ್ಯಾನು, ಅದರ ಸಂದಿನಿಂದ ಬರುವ ಬಿಸಿಲೇ ನಮ್ಮ ಗಡಿಯಾರ. ಪಂಪು ಚಾಲೂ ಆದರೆ ಗೋಡೆ ನಡುಗುತ್ತಿತ್ತು, ತಟ್ಟೆಯಲ್ಲಿದ್ದ ಚಮಚ ಕುಣಿಯುತ್ತಿತ್ತು. ಅದು ನಿಲ್ಲುವವರೆಗೆ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯ ಜಗಳಗಳೆಲ್ಲ ನಡುನಡುವೆ ತಡೆದು ತಡೆದು ನಡೆಯುತ್ತಿದ್ದವು. ಬೈಯುತ್ತಿದ್ದವರು ಬಾಯಿ ಮುಚ್ಚಿ ಕಾಯುವುದು, ಪಂಪು ನಿಂತ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರು ಮಾಡುವುದು. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ನಾವು ಸಿದ್ದಿಗಳು, ಹಳಿಯಾಳದ ಕಡೆಯ ಕಾಡಿನವರು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದರು ಎಂದು ಎಲ್ಲರೂ ಹೇಳುತ್ತಾರೆ. ಯಾವ ಊರಿನಿಂದ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಮ್ಮ ಬಣ್ಣ, ನಮ್ಮ ಗುಂಗುರು ಕೂದಲು ನೋಡಿ ಊರಿನಲ್ಲಿ ಜನ ನಮ್ಮನ್ನು ಹೊರಗಿನವರೆಂದರು. ದುಬೈಗೆ ಬಂದರೆ ಅದೇ ಬಣ್ಣ, ಅದೇ ಕೂದಲು ನೋಡಿ ಒಳಗಿನವರೆಂದರು. ಬಾಬಾ ಬಂದಿಳಿದ ಹೊಸತರಲ್ಲೇ ಯಾರೋ ಅವನನ್ನು “ಯಾ ಸೂದಾನಿ” ಎಂದು ಕರೆದು ಸಲಾಂ ಹೇಳಿದರಂತೆ. ಅವನು ಅಲ್ಲವೆನ್ನಲಿಲ್ಲ. ಅಂದಿನಿಂದ ಹುಸೇನಸಾಬ ಹೋಗಿ ಹುಸೇನ್ ಸೂದಾನಿ ಆದ. ಅರಬಾಬ್ ಈದ್‌ಗೆ ಕೊಡುವ ಬಿಳಿ ಕಂದೂರ ತೊಡುತ್ತಿದ್ದ, ಅದೇ ಅರಬರ ಉದ್ದನೆಯ ನಿಲುವಂಗಿ. ಪಕ್ಕದ ಕಟ್ಟಡದ ಕಾವಲುಗಾರ ಇದ್ರೀಸ್, ನಿಜವಾದ ಸುಡಾನಿನವನು, ಬಾಬಾನ ಜೀವದ ಗೆಳೆಯ. ಸಂಜೆ ಇಬ್ಬರೂ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುವಾಗ ಬಾಬಾ ತನ್ನ ಮುತ್ತಜ್ಜನ ಊರು ನೈಲ್ ನದಿಯ ದಂಡೆಯಲ್ಲಿತ್ತು ಎಂದು ಕಥೆ ಕಟ್ಟುತ್ತಿದ್ದ. ಇದ್ರೀಸ್ ತಲೆದೂಗುತ್ತಿದ್ದ. ಕೋಣೆಯ ಬಾಗಿಲಿನ ಹೊರಗೆ ಅವ್ವನೂ ನಾನೂ ಕನ್ನಡ ಆಡಬಾರದು, ಅದು ಮನೆಯ ಕಾನೂನು. ಒಳಗೆ ನಮ್ಮದು ಕೊಂಕಣಿ, ಉರ್ದು, ಕನ್ನಡ ಮೂರೂ ಕಲಸಿದ ಮಾತು. ಊಟಕ್ಕೆ ಖುಬೂಸ್ ರೊಟ್ಟಿ ಮತ್ತು ಬೇಳೆ, ಶುಕ್ರವಾರ ಮೀನು. ಅವ್ವ ಎಂದಾದರೂ ಊರಿನ ಹಾಗೆ ಕಾರ ಅರೆದರೆ ಬಾಬಾ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದ. ತಿಂದು ಎದ್ದು, “ಘಾಟು ಹೊರಗ ಹೋಗ್ತೈತಿ, ಇನ್ನೊಮ್ಮೆ ಮಾಡಬ್ಯಾಡ,” ಎನ್ನುತ್ತಿದ್ದ.

ಅವ್ವ ಬಾಯಿ ಮುಚ್ಚಿಕೊಂಡಳು, ಕೈ ಮುಚ್ಚಿಕೊಳ್ಳಲಿಲ್ಲ. ನಮ್ಮ ಹೆಂಗಸರ ಕೈಯಲ್ಲಿ ಬರುವುದು ಕೌದಿ. ಹಳೆಯ ಸೀರೆಯೊಂದನ್ನು ಹಾಸಿ ಅದರ ಮೇಲೆ ಮನೆಯವರ ಹರಿದ ಬಟ್ಟೆಗಳ ತುಂಡು ಇಟ್ಟು, ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತಾ ಒಳಗೊಳಗೆ ಹೊಲಿಯುತ್ತಾ ಬರಬೇಕು. ಕೊನೆಗೆ ಉಳಿಯುವುದು ನಟ್ಟನಡುವಿನ ಜಾಗ. ಅದು ಕೌದಿಯ ಹೊಟ್ಟೆ. ಅಲ್ಲಿ ಒಂದಿಷ್ಟು ಅಕ್ಕಿ ಕಾಳು ಇಟ್ಟು ಮುಚ್ಚಬೇಕು, ಹಸಿದ ಕೌದಿ ಹೊದ್ದವರ ಹೊಟ್ಟೆ ತುಂಬುವುದಿಲ್ಲ. ಇನ್ನೊಂದು ನಿಯಮ, ಹೊಸ ಬಟ್ಟೆ ಸಲ್ಲದು. ಬೆವರು ಕುಡಿಯದ ಬಟ್ಟೆ ಕೌದಿಗೆ ಬಂದರೆ ಅದು ಬರೀ ಚಿಂದಿ, ಮನುಷ್ಯರಲ್ಲ ಎನ್ನುತ್ತಿದ್ದಳಂತೆ ನನ್ನ ನಾನಿ, ಅವ್ವನ ತಾಯಿ. ನಾನಿ ಸತ್ತಾಗ ಅವ್ವನಿಗೆ ಊರಿಗೆ ಹೋಗಲಾಗಲಿಲ್ಲ. ಊರಿನಿಂದ ಬಂದವರೊಬ್ಬರ ಕೈಯಲ್ಲಿ ಅವಳ ಸೀರೆ ಬಂತು, ಸೆರಗಿನ ತುದಿಯಲ್ಲಿ ಒಂದು ಹಿಡಿ ಅಕ್ಕಿಯ ಗಂಟು. ಹೊಟ್ಟೆಗೆ ಇಡಲೆಂದು ನಾನಿ ತಾನೇ ಕಟ್ಟಿಟ್ಟು ಹೋಗಿದ್ದಳು. ಅವ್ವ ಆ ಸೀರೆ ಹಾಸಿ ನನಗಾಗಿ ಕೌದಿ ಶುರು ಮಾಡಿದಳು. ನಾನು ದೊಡ್ಡವಳಾಗಿ ಎಲ್ಲಿ ಹೋದರೂ ಎಲ್ಲರೂ ನನ್ನ ಮೇಲೆ ಇರಬೇಕು. ನಾನಿ ಸಿಕ್ಕಳು, ಅವ್ವ ಸಿಕ್ಕಳು, ನಾನು ಸಿಕ್ಕೆ. ಬಾಬಾ ಮಾತ್ರ ಸಿಗಲಿಲ್ಲ. ಹಳೆಯ ಬನಿಯನ್ನನ್ನೂ ಅವನು ಕಸದ ಗಾಡಿ ಬರುವ ಹೊತ್ತಿಗೆ ಸರಿಯಾಗಿ ತಾನೇ ಒಯ್ದು ಎಸೆದು ಬರುತ್ತಿದ್ದ.

“ಹರದದ್ದ ಒಂದ ಕಂದೂರ ಕೊಡ್ರಿ. ನಿಮ್ಮ ಮಗಳಿಗೇ ಅಲ್ಲ?” ಎಂದು ಅವ್ವ ಕೇಳುವಳು.

“ಈ ದೇಶದಾಗೂ ಚಿಂದಿ ಹೊಚಗೋಬೇಕಾ? ಲುಲು ಮಾರ್ಕೆಟಿಗೆ ಹೋಗು, ಚಲೋ ಬ್ಲಾಂಕೆಟ್ ತಾ. ಖಲಾಸ್.”

ಅಷ್ಟರಲ್ಲಿ ಪಂಪು ಚಾಲೂ ಆಗುತ್ತಿತ್ತು. ಅವ್ವ ನಡುವಿನ ಜಾಗ ಬಿಟ್ಟು ಸುತ್ತಲೂ ಹೊಲಿಯುತ್ತಾ ಹೋದಳು. ಮನಸ್ಸು ಬದಲಾದೀತು ಎಂದು ಕಾದಳು.

ಕೆಟ್ಟದ್ದು ಒಂದು ಒಳ್ಳೆಯ ಮನುಷ್ಯನಿಂದ ಬಂತು. ಮೂರನೆಯ ಮಾಳಿಗೆಗೆ ಧಾರವಾಡದ ಒಬ್ಬ ಇಂಜಿನಿಯರ್ ಸಂಸಾರ ಸಮೇತ ಬಂದಿದ್ದ. ಅವ್ವ ಕೌದಿಯನ್ನು ಬಿಸಿಲಿಗೆಂದು ತಾರಸಿಯ ಮೇಲೆ ಹರವಿದ್ದಳು, ಅವನು ಡಿಶ್ ಆಂಟೆನಾ ಸರಿಮಾಡಲು ಮೇಲೆ ಹೋದವನು ಅದನ್ನು ಕಂಡ. ನೇರ ಗೇಟಿಗೆ ಇಳಿದು ಬಂದ. ಬಾಬಾ, ಇದ್ರೀಸ್, ಇನ್ನೊಂದಿಬ್ಬರು ಅಲ್ಲೇ ಕೂತಿದ್ದರು. ನಾನು ಬಾಬಾನ ಕುರ್ಚಿಯ ಹಿಂದೆ ಇದ್ದೆ.

“ಏ, ಮ್ಯಾಲಿಂದು ಸಿದ್ದಿ ಮಂದಿ ಕೌದಿ ಅಲ್ಲೇನೋ? ನಾ ಯಲ್ಲಾಪುರದಾಗ ನೋಡೀನಿ. ಅಂದ್ರ ನೀ ನಮ್ಮಾಂವನ! ಎಲ್ಲಾರೂ ಸೂದಾನಿ ಸೂದಾನಿ ಅಂತಾರ, ನಾನೂ ಖರೇನ ಅನಕೊಂಡಿದ್ದೆ ನೋಡು!”

ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ದೂರದ ದೇಶದಲ್ಲಿ ಊರಿನವನು ಸಿಕ್ಕ ಸಂತೋಷ. ಆ ಸಂತೋಷದಲ್ಲೇ ಕೈ ಚಾಚಿ ಬಾಬಾನ ತಲೆಗೂದಲು ಸವರಿ, “ಕೂದ್ಲ ನೋಡೋ ಇವನ್ವು, ಏನ ಮೆತ್ತಗ ಅದಾವ,” ಎಂದು ಪಕ್ಕದಲ್ಲಿದ್ದ ತನ್ನ ಮಗನಿಗೂ ಮುಟ್ಟಲು ಹೇಳಿದ. ಆ ಹುಡುಗ ಮುಟ್ಟಿದ. ಬಾಬಾ ಕುರ್ಚಿಯಿಂದ ಏಳಲಿಲ್ಲ. ಮುಟ್ಟಿಸಿಕೊಂಡ. ಇದ್ರೀಸ್ ಚಹಾದ ಲೋಟದ ಕಡೆ ನೋಡುತ್ತಿದ್ದ. ನನ್ನ ಬಾಬಾ ಅಷ್ಟು ಚಿಕ್ಕವನಾಗಿ ಕಂಡದ್ದು ಅದೊಂದೇ ಸಲ. ಆ ಇಂಜಿನಿಯರನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಒಳಗೆ ಬಂದವನು ಕೌದಿಯನ್ನು ಹರಿಯುತ್ತಾನೆ ಎಂದುಕೊಂಡೆ. ಹರಿಯಲಿಲ್ಲ. ಮಡಚಿ ಮೂಲೆಗೆ ಇಟ್ಟು ಅವ್ವನ ಎದುರು ಕೂತ.

“ಸಾಲ್ಯಾಗ ನನ್ನ ಕೂದ್ಲ ಎಳದ ನೋಡ್ತಿದ್ರು. ಓಡಾಕ ಚಲೋ ಅದಾನಂತ ಸರಕಾರದ ಆಟದ ಸಾಲಿಯವರು ಕರಕೊಂಡ ಹೋಗಿ ಕಾಲ ಅಳದ್ರು, ಹಲ್ಲ ನೋಡಿದ್ರು, ಸಂತ್ಯಾಗ ದನಾ ನೋಡಿದಂಗ. ಆಮ್ಯಾಲ ಸಾಕಂತ ತಿರಗಿ ಕಳಸಿದ್ರು. ಇಲ್ಲಿ ಬಂದ ಮ್ಯಾಲ ಯಾವ ಮಗನೂ ನನ್ನ ತಲಿ ಮುಟ್ಟಿರ್ಲಿಲ್ಲ. ಇವತ್ತ ಮುಟ್ಟಿದ. ನಿನ್ನ ಕೌದಿ ಮುಟ್ಟಿಸ್ತು.”

ಆಮೇಲೆ ನನ್ನನ್ನು ಎಳೆದು ಇಬ್ಬರ ನಡುವೆ ಕೂರಿಸಿದ.

“ಇಕಿ ತಲಿ ಮ್ಯಾಲ ಕೈ ಇಡು. ನನ್ನ ಮೈಮ್ಯಾಲಿನ ಬಟ್ಟಿ, ಒಂದ ನೂಲು ಸೈತ, ಆ ಕೌದ್ಯಾಗ ಬರೂದಿಲ್ಲ ಅಂತ ಆಣಿ ಮಾಡು. ನಾ ಸತ್ತ ಮ್ಯಾಲೂ.”

“ಸಾವಿನ ಮಾತ ಯಾಕ ಆಡ್ತೀರಿ?”

“ಮಾಡು ಅಂದೆ.”

ಅವ್ವನ ಕೈ ನನ್ನ ತಲೆಯ ಮೇಲೆ ಬಂತು. ಸೂಜಿ ಚುಚ್ಚಿ ಗಟ್ಟಿಯಾದ ಬೆರಳ ತುದಿ, ಈರುಳ್ಳಿ ವಾಸನೆ. ಅವಳು ಆಣೆ ಮಾಡಿದಳು. ನನಗೆ ಅದರ ಅರ್ಥ ಆಯಿತು: ಇನ್ನು ಬಾಬಾನ ಬಟ್ಟೆ ಕೌದಿಗೆ ಬಂದರೆ ನಾನು ಸಾಯುತ್ತೇನೆ. ಆಮೇಲೆ ಬಾಬಾ ಗೇಟಿನ ಬಳಿ ಕುರ್ಚಿ ಹಾಕುವುದನ್ನು ಬಿಟ್ಟ. ಇದ್ರೀಸ್ ಬಂದು ಕರೆದರೂ ಕೆಲಸವಿದೆ ಎನ್ನುತ್ತಿದ್ದ. ಸಂಜೆಗಳನ್ನು ತಾರಸಿಯ ಮೇಲೆ ಟ್ಯಾಂಕಿನ ನೆರಳಿನಲ್ಲಿ ಒಬ್ಬನೇ ಕಳೆಯುತ್ತಿದ್ದ. ಮನೆಯಲ್ಲಿ ಜಗಳವೂ ನಿಂತಿತು. ಆ ಮೌನಕ್ಕಿಂತ ಜಗಳವೇ ಚೆನ್ನಾಗಿತ್ತು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಬಾಬಾ ಆ ಟ್ಯಾಂಕಿನ ಬಳಿಯೇ ಬಿದ್ದ. ಟ್ಯಾಂಕು ತುಂಬಿ ನೀರು ರಸ್ತೆಗೆ ಸುರಿಯುವುದನ್ನು ನೋಡಿ ಇದ್ರೀಸ್ ಓಡಿದ. ಎದೆಬಡಿತ ನಿಂತಿದೆ ಎಂದರು. ಆಸ್ಪತ್ರೆಯಲ್ಲಿ ಅವನ ಕಂದೂರವನ್ನು ಕತ್ತರಿಸಿ ತೆಗೆದಿದ್ದರಂತೆ, ಅದು ವಾಪಸು ಬರಲಿಲ್ಲ. ಎರಡನೆಯ ಮಾಳಿಗೆಯ ಐಸಮ್ಮ ಆಂಟಿಯ ಗಂಡ, ಮಂಗಳೂರಿನ ಕಡೆಯ ಬ್ಯಾರಿ, ಮುಂದೆ ನಿಂತು ಎಲ್ಲ ಮಾಡಿದರು. ಡೇರಾ ಪೇಟೆಯ ಅಂಗಡಿಯಿಂದ ಶವಕ್ಕೆ ಸುತ್ತುವ ಕಫನಿನ ಬಿಳಿ ಬಟ್ಟೆ ತಂದದ್ದೂ ಅವರೇ. ಗಂಡಸರು ಮಣ್ಣು ಮಾಡಿ ಬಂದರು. ನಾವು ಕೋಣೆಯಲ್ಲಿ ಕೂತಿದ್ದೆವು. ಅವ್ವ ಇದ್ದತ್ ಕೂತಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆ ಬಿಟ್ಟು ಕದಲಬಾರದು. ಅಲ್ಲಿಯವರೆಗೆ ಕೋಣೆ ನಿಮ್ಮದೇ ಎಂದು ಅರಬಾಬ್ ಹೇಳಿ ಕಳಿಸಿದ. ಆಮೇಲೆ ಹೊಸ ನಾತೂರ್ ಬರುತ್ತಾನೆ, ಅವ್ವ ಮಿರ್ದಿಫ್‌ನಲ್ಲಿರುವ ಅರಬಾಬ್‌ನ ತಂಗಿಯ ವಿಲ್ಲಾದಲ್ಲಿ ಅಡುಗೆಗೆ ನಿಲ್ಲಬೇಕು. ಅಲ್ಲಿ ಮಕ್ಕಳಿಗೆ ಜಾಗವಿಲ್ಲ. ನನ್ನನ್ನು ಐಸಮ್ಮ ಆಂಟಿ ಇಟ್ಟುಕೊಳ್ಳುತ್ತೇನೆ ಎಂದರು. ಹೀಗೆ ನನ್ನ ಕೌದಿಗೆ ಗಡುವು ಬಿತ್ತು. ನಾನು ಆಂಟಿಯ ಮನೆಗೆ ಹೋಗುವಾಗ ಹೊದೆಯಲು ಅದು ಬೇಕು, ಅದರಲ್ಲಿ ಬಾಬಾ ಬೇಕು.

ಇದ್ರೀಸ್ ಬಂದದ್ದು ಆ ದಿನಗಳಲ್ಲೇ. ಒಳಗೆ ಬರುವಂತಿರಲಿಲ್ಲ, ಅರ್ಧ ತೆರೆದ ಬಾಗಿಲಿನಾಚೆ ಕಾರುಗಳ ನಡುವೆ ನಿಂತು ತನ್ನ ಹರುಕು ಹಿಂದಿಯಲ್ಲಿ ಮಾತು ತೆಗೆದ. ಅವ್ವ ಗೋಡೆಯ ಈಚೆ ಕೂತು ಕೇಳುತ್ತಿದ್ದಳು. ಅವ್ವ ಏನು ತಿಳಿದಳೋ, ಅವನು ಮುಗಿಸುವ ಮೊದಲು ತಾನೇ ಹೇಳಿದಳು, ಕನ್ನಡದಲ್ಲಿ, ಗಟ್ಟಿಯಾಗಿ, ಬಾಗಿಲಾಚೆ ಕೇಳುವ ಹಾಗೆ. ಹಾಗೆ ಅವಳು ಕನ್ನಡ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

“ಅವರು ಸೂದಾನಿ ಅಲ್ಲರಿ. ಸಿದ್ದಿ. ಹಳಿಯಾಳದವರು. ನಿಮಗ ಸುಳ್ಳ ಹೇಳಿದ್ರು, ಮಾಫ್ ಮಾಡ್ರಿ.”

ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ನಮಗೆಲ್ಲ ಮೊದಲ ದಿನವೇ ಗೊತ್ತಿತ್ತು ತಂಗಿ, ಎಂದ ಇದ್ರೀಸ್. ನಮ್ಮ ಅರಬ್ಬಿ ಅವನ ಅರಬ್ಬಿಯ ಹಾಗಿರುವುದಿಲ್ಲ. ಆದರೆ ಒಬ್ಬ ಮನುಷ್ಯ ನಮ್ಮವನಾಗಲು ಅಷ್ಟು ಆಸೆಪಟ್ಟರೆ ಬೇಡ ಎನ್ನುವುದು ಹೇಗೆ? ಅವ್ವ ನಕ್ಕಳು. ನಗುತ್ತಾ ನಗುತ್ತಾ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಇದನ್ನು ಇದ್ರೀಸ್ ಬಾಬಾ ಬದುಕಿದ್ದಾಗ ಹೇಳಿದ್ದರೆ ಅವನು ಕುರ್ಚಿಗೆ ವಾಪಸು ಬರುತ್ತಿದ್ದನೇನೋ. ಅಥವಾ ಇನ್ನೂ ಬೇಗ ಸಾಯುತ್ತಿದ್ದನೋ, ನನಗೆ ಗೊತ್ತಿಲ್ಲ.

ಗೂಟಕ್ಕೆ ಬಾಬಾನ ಕಂದೂರಗಳು ತೂಗುತ್ತಿದ್ದವು. ಬೆವರು, ಸಿಗರೇಟು, ಊದಿನ ಹೊಗೆ ಎಲ್ಲ ಅದರಲ್ಲಿತ್ತು. ಕತ್ತರಿ ಪಕ್ಕದಲ್ಲೇ ಇತ್ತು. ಅವ್ವ ಸುತ್ತಲೂ ಹೊಲಿದು ಹೊಲಿದು ನಡುವಿನ ತನಕ ಬಂದು ಕೂತಿದ್ದಳು. ಊಟ ತಂದ ಐಸಮ್ಮ ಆಂಟಿ ನೋಡಿ ನೋಡಿ ಸಾಕಾಗಿ ಬೈದರು.

“ಎಂತ ಮಾರಾಯ್ತಿ ನೀನು! ತಲೆ ಮೇಲೆ ಕೈ ಇಟ್ಟು ಆಣೆ ಅಂತ ನಮ್ಮ ದೀನಿನಲ್ಲಿ, ಕುರಾನಿನಲ್ಲಿ ಎಲ್ಲಿ ಉಂಟು? ಅದೆಲ್ಲ ಆಗುದಿಲ್ಲ. ಒಂದು ತುಂಡು ಕತ್ತರಿಸಿ ಹಾಕು, ಮಗುವಿಗೆ ಎಂತದೂ ಆಗುದಿಲ್ಲ.”

“ದೀನಿನಾಗ ಇರಲಿಕ್ಕಿಲ್ಲ ಅಕ್ಕಾ. ನಮ್ಮ ಮಂದ್ಯಾಗ ಐತಿ.”

ನಾನು ಕೇಳಿಸಿಕೊಂಡೆ. ಅವ್ವ ನಮಾಜಿಗೆ ನಿಂತಾಗ ಒಂದು ಕಂದೂರ ಎಳೆದು, ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೊರಳಿನ ಬಳಿ ಇಟ್ಟೆ. ಸತ್ತರೆ ಸಾಯುತ್ತೇನೆ, ಬಾಬಾ ಇರಬೇಕು ಎಂದು ನನ್ನ ಲೆಕ್ಕ. ಬಟ್ಟೆ ಕತ್ತರಿಗೆ ಸಿಗುವ ಮೊದಲೇ ಅವ್ವ ಬಂದಿದ್ದಳು. ನಮಾಜು ಮುರಿದು ಬಂದಿದ್ದಳು. ಅವಳು ನನ್ನನ್ನು ಎಂದೂ ಹೊಡೆದವಳಲ್ಲ. ಅಂದು ಹೊಡೆದಳು, ಕೈ ಸೋಲುವವರೆಗೆ. ಆಮೇಲೆ ನನ್ನ ನೆತ್ತಿಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದುಕೊಂಡು ಕೂತಳು. ಮರುದಿನ ಬಾಬಾನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಇದ್ರೀಸನ ಕೈಗೆ ಕೊಟ್ಟು, ನಿಮ್ಮ ಊರಿನ ಬಡವರಿಗೆ ಹಂಚಿರಿ ಎಂದಳು. ಆಸೆಯ ಬೇರನ್ನೇ ಕಿತ್ತಳು. ಕೆಲವು ದಿನಗಳ ನಂತರ ಶಾಲೆಯ ಬಸ್ಸಿನಿಂದ ಇಳಿಯುವಾಗ ಕಂಡೆ, ಮುಂದೆ ಒಬ್ಬ ಎತ್ತರದ ಸುಡಾನಿ ನಡೆಯುತ್ತಿದ್ದ, ಅವನ ಮೈಮೇಲೆ ಬಾಬಾನ ಕಂದೂರ. ಬೆನ್ನಿನ ಮೇಲೆ ಅವ್ವ ಹಾಕಿದ ತೇಪೆ ಇತ್ತು. ಖರ್ಜೂರದ ಅಂಗಡಿಯ ತಿರುವಿನವರೆಗೂ ಅವನ ಹಿಂದೆ ಹೋದೆ. ಬಾಬಾ ಕೊನೆಗೂ ಅವರವನಾದ ಎಂದು ನನಗೆ ಸಿಟ್ಟು ಬಂತು.

ಕಫನಿನ ಬಟ್ಟೆಯಲ್ಲಿ ಒಂದು ತುಂಡು ಉಳಿದಿತ್ತು. ಕರ್ಪೂರ, ಊದಿನಕಡ್ಡಿಯ ಚೀಲದಲ್ಲಿ ಸೇರಿ ತಪ್ಪಿ ನಮ್ಮ ಕೋಣೆಗೆ ಬಂದುಬಿಟ್ಟಿತ್ತು. ಅದನ್ನು ಕಂಡು ಐಸಮ್ಮ ಆಂಟಿ ಹೌಹಾರಿದರು.

“ಅಯ್ಯೋ, ಇದನ್ನು ಮನೆಯಲ್ಲಿ ಇಡ್ಲಿಕ್ಕೆ ಆಗುದಿಲ್ಲ! ಇನ್ನೊಬ್ಬರನ್ನು ಕರೀತದೆ ಅಂತ ಹೇಳ್ತಾರೆ. ಕೊಡು, ಇವರ ಹತ್ರ ಪಳ್ಳಿಗೆ ಕಳಿಸ್ತೇನೆ, ಮಸೀದಿಯಲ್ಲಿ ಇರಲಿ.”

“ಇರ್ಲಿ ಅಕ್ಕಾ,” ಎಂದು ಅವ್ವ ಅದನ್ನು ಮಡಿಲಿಗೆ ಎಳೆದುಕೊಂಡಳು. ಅಂದಿನಿಂದ ಅದನ್ನೇ ತಲೆಗೆ ಕಟ್ಟಿಕೊಳ್ಳತೊಡಗಿದಳು. ಅಡುಗೆ ಮಾಡುವಾಗ, ನಮಾಜಿನಲ್ಲಿ, ಮಲಗುವಾಗ, ಬೇಸಿಗೆಯ ಆ ಕೋಣೆಯಲ್ಲಿ ಎಸಿ ಕೆಟ್ಟಾಗಲೂ ಬಿಚ್ಚಲಿಲ್ಲ. ಒಗೆದು ಒದ್ದೆ ಇರುವಾಗಲೇ ಮತ್ತೆ ಕಟ್ಟುತ್ತಿದ್ದಳು. ವಿಧವೆಯ ಬಿಳಿ ಎಂದು ನಾನು ತಿಳಿದೆ. ಐಸಮ್ಮ ಆಂಟಿ ದುಃಖಕ್ಕೆ ತಲೆ ಕೆಟ್ಟಿದೆ ಎಂದು ತಿಳಿದರು. ಇದ್ದತ್ ಮುಗಿಯುವ ಹೊತ್ತಿಗೆ ಆ ಬಟ್ಟೆ ಬಣ್ಣಗೆಟ್ಟು, ಹಣೆಯ ಕಡೆ ಹಳದಿಯಾಗಿ, ಒಂದು ಕಡೆ ಪಿಸಿದಿತ್ತು. ಕೊನೆಯ ದಿನ ಬೆಳಿಗ್ಗೆ ಅವ್ವ ಅದನ್ನು ತಲೆಯಿಂದ ಬಿಚ್ಚಿ, ತೊಡೆಯ ಮೇಲೆ ಹರವಿ, ಕತ್ತರಿ ಹಾಕಿದಳು. ಐಸಮ್ಮ ಆಂಟಿಗೆ ಆಗ ಹೊಳೆಯಿತು. ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟರು.

“ಇದು ಅವರ ಮೈಮ್ಯಾಲಿಂದ ಬಂದದ್ದಲ್ಲ,” ಎಂದಳು ಅವ್ವ, ಯಾರಿಗೆ ಲೆಕ್ಕ ಒಪ್ಪಿಸುತ್ತಿದ್ದಳೋ. “ಅವರ ಸಲುವಾಗಿ ತಂದದ್ದು, ಅವರು ಉಡಲಿಲ್ಲ. ಆಣಿ ಮುರೀಲಿಲ್ಲ. ಹೊಸಾದು ಹಾಕಬಾರದು ಅಂದ್ರ, ನಾ ಉಟ್ಟು ಹಳೇದ ಮಾಡೀನಿ.”

ನಾನಿಯ ಗಂಟು ಬಿಚ್ಚಿ ಅಕ್ಕಿ ಸುರಿದಳು, ಅದರ ಮೇಲೆ ಬಿಳಿ ತುಂಡು ಇಟ್ಟು ಹೊಲಿದಳು. ನಾಲ್ಕು ಮೂಲೆಗೆ ಫೂಲಾ, ಬಟ್ಟೆ ಮಡಚಿ ಮಾಡಿದ ಹೂವು, ಹಾಕಿದಳು. ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, “ಹೊಟ್ಟಿ ತುಂಬ್ತು,” ಎಂದಳು. ಹೊರಗೆ ಮಿರ್ದಿಫ್‌ನ ಡ್ರೈವರ್ ಹಾರ್ನ್ ಹಾಕುತ್ತಿದ್ದ. ಅವ್ವ ನನ್ನ ನೆತ್ತಿಗೆ ಒಂದು ಮುತ್ತು ಕೊಟ್ಟು, ಬರೀ ತಲೆ ಎಂದು ನೆನಪಾಗಿ, ಕರಿಯ ಶೇಲಾ ಹೊದ್ದು ಹೋದಳು.

ಐಸಮ್ಮ ಆಂಟಿಯ ಮನೆಯ ಹಾಲ್‌ನಲ್ಲಿ ಸೋಫಾದ ಹಿಂದೆ ನನಗೆ ಹಾಸಿಗೆ ಹಾಕಿಕೊಟ್ಟಿದ್ದರು. ಎಲ್ಲರೂ ಊಟ ಮಾಡುತ್ತಿದ್ದರು, ನನಗೆ ಬೇಡವಾಗಿತ್ತು. ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡು ಒಂದೊಂದೇ ತುಂಡು ಮೂಸುತ್ತಾ ಬಂದೆ. ನಾನಿಯ ಸೀರೆಯಲ್ಲಿ ಎಲೆಯಡಿಕೆ, ತಂಬಾಕು. ನನ್ನ ಲಂಗದಲ್ಲಿ ಶಾಯಿ. ಹೀಗೆ ನಡುವಿನವರೆಗೆ ಬಂದೆ. ಅಲ್ಲಿ ಬಾಬಾ ಇರಬೇಕು, ಸಿಗರೇಟು, ಊದು, ಬೆವರು, ಏನಾದರೂ ಒಂದು. ಮೂಗು ಒತ್ತಿ ಉಸಿರು ಎಳೆದೆ. ತಿರುಗಿಸಿ ಇನ್ನೊಂದು ಮಗ್ಗುಲಿನಿಂದ ಎಳೆದೆ. ಅಲ್ಲಿ ಇದ್ದದ್ದು ಅವ್ವನ ತಲೆಯ ಕೊಬ್ಬರಿ ಎಣ್ಣೆ, ಅಷ್ಟೇ. ಬಾಬಾ ಹೇಳಿದ್ದನ್ನೇ ಸಾಧಿಸಿದ್ದ, ಅವನ ಒಂದು ನೂಲೂ ಬಂದಿರಲಿಲ್ಲ. ಬಟ್ಟೆಯ ಒಳಗೆ ಅಕ್ಕಿ ಕಾಳುಗಳು ಬೆರಳಿಗೆ ಸಿಕ್ಕುತ್ತಿದ್ದವು. ಕೆಳಗೆ ಹೊಸ ನಾತೂರ್ ಪಂಪು ಚಾಲೂ ಮಾಡಿದ.